541ಕ್ಕೆ ಸೊನ್ನೆ ಪರ್ಸೆಂಟ್ ಹೆಂಗ್ ಬಂತು?

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಓದ್ತಿದೀನಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೊಟ್ರೆ ಪರ್ಸೆಂಟೇಜ್ ತೋರ್ಸೋ ಸಿ ಪ್ರೋಗ್ರಾಂ ಬರೆದೆ. 541 / 625 * 100 ಅಂತ ಹಾಕಿದ್ರೆ 0.00 ಬರ್ತಿದೆ, ವೇರಿಯಬಲ್ ಫ್ಲೋಟ್ (ದಶಮಾಂಶ ಸಂಖ್ಯೆ ಹಿಡಿಯೋದು) ಅಂತಾನೇ ಇಟ್ಟಿದೀನಿ. ಫ್ರೆಂಡ್ ಹೇಳಿದ್ಳು ಅಂತ 541 * 100 / 625 ಮಾಡಿದ್ರೆ ಮೊಬೈಲಲ್ಲಿ 86.00, ಕಾಲೇಜ್ ಲ್ಯಾಬ್‌ನ ಟರ್ಬೋ ಸಿ ಅನ್ನೋ ಹಳೇ ಸಾಫ್ಟ್‌ವೇರಲ್ಲಿ -18.00! ತಪ್ಪು ನಂದಾ, ಕಂಪ್ಯೂಟರ್‌ದಾ?
— ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿಮ್ಮ ಲೆಕ್ಕ ಸರಿಯಾಗೇ ಇದೆ, ಸಿ ಭಾಷೆ ಭಾಗಾಕಾರ ಮಾಡೋ ರೀತಿ ಬೇರೆ ಅಷ್ಟೆ. ಎರಡೂ ಕಡೆ ಪೂರ್ಣಾಂಕ ಇದ್ರೆ ಅದು ಭಾಗಲಬ್ಧ ಮಾತ್ರ ಇಟ್ಕೊಂಡು ಶೇಷ ಬಿಟ್ಬಿಡತ್ತೆ, 541ರಲ್ಲಿ 625 ಒಂದು ಸಲಾನೂ ಹೋಗಲ್ಲ, ಸೊನ್ನೆ ಬಂತು, ಸೊನ್ನೇನ ನೂರರಿಂದ ಗುಣಿಸಿದ್ರೆ ಇನ್ನೇನ್ ಬರತ್ತೆ? ಫ್ಲೋಟ್ ಅಂತ ಇಟ್ಟಿದ್ದು ಉಪಯೋಗಕ್ಕೆ ಬರ್ಲಿಲ್ಲ ಯಾಕಂದ್ರೆ ಬಲಗಡೆ ಲೆಕ್ಕ ಪೂರ್ತಿ ಮುಗಿದ್ಮೇಲೇನೇ ಉತ್ತರ ಆ ವೇರಿಯಬಲ್‌ಗೆ ಹೋಗೋದು.

ಇನ್ನು -18. ಇದನ್ನ ನೀವು ಗಮನಿಸಿ ಕೇಳಿದ್ದು ನಂಗೆ ತುಂಬಾ ಖುಷಿ ಆಯ್ತು, ಎಷ್ಟೋ ಜನ ಲ್ಯಾಬಲ್ಲಿ ಹಿಂಗೆ ಬಂದ್ರೆ ಸಿಸ್ಟಮ್ ಹಾಳಾಗಿದೆ ಅಂತ ಎದ್ದು ಹೋಗ್ತಾರೆ. ಟರ್ಬೋ ಸಿ ಯಲ್ಲಿ ಇಂಟ್ (ಪೂರ್ಣಾಂಕ ಇಡೋ ಜಾಗ) ಅಂದ್ರೆ ಬರೀ 16 ಬಿಟ್, 32767 ದಾಟಿದ ಸಂಖ್ಯೆ ಅದ್ರಲ್ಲಿ ಹಿಡಿಯಲ್ಲ. 541 * 100 ಅಂದ್ರೆ 54100, ಗಡಿ ದಾಟ್ತು, ಸುತ್ತು ಹೊಡೆದು 65536 ಕಳೆದು -11436 ಆಯ್ತು. ಅದನ್ನ 625ರಿಂದ ಭಾಗಿಸಿ ನೋಡಿ, -18 ಸಿಗತ್ತೆ. ಮೊಬೈಲ್‌ನ ಕಂಪೈಲರಲ್ಲಿ ಇಂಟ್ 32 ಬಿಟ್, 214 ಕೋಟಿ ತನಕ ಜಾಗ ಇದೆ, ಅದಕ್ಕೇ 86 ಬಂತು. ಆದ್ರೆ ಅದೂ ಪೂರ್ತಿ ಸರಿಯಲ್ಲ, ನಿಮ್ದು 86.56, ಕಷ್ಟಪಟ್ಟು ತಗೊಂಡ ಆ .56 ಯಾಕೆ ಬಿಡ್ಬೇಕು? 541 * 100.0 / 625 ಅಂತ ಬರೀರಿ. ಒಂದು ಚುಕ್ಕಿ ಒಂದು ಸೊನ್ನೆ ಸೇರಿಸಿದ್ರೆ ಲೆಕ್ಕ ಎಲ್ಲ ದಶಮಾಂಶದಲ್ಲೇ ನಡೆಯತ್ತೆ, ಎರಡೂ ಕಡೆ 86.56 ಬರತ್ತೆ.

ಪ್ರಿಂಟ್ ಮಾಡುವಾಗ % ಗುರುತು ಬೇಕಂದ್ರೆ %% ಅಂತ ಎರಡು ಸಲ ಹಾಕಿ. ಲೆಕ್ಕದ ಮಧ್ಯೆ ಮಾತ್ರ ಅದನ್ನ ಪರ್ಸೆಂಟ್ ಅಂದ್ಕೊಂಡು ಹಾಕ್ಬೇಡಿ, ಸಿ ಯಲ್ಲಿ ಅದು ಶೇಷ ಕೊಡೋ ಗುರುತು.

ಇನ್ನೊಂದು, ಆರೂ ಸಬ್ಜೆಕ್ಟ್‌ದು ಬೇರೆ ಬೇರೆ ಪರ್ಸೆಂಟ್ ತೆಗೆದು ಸರಾಸರಿ ಮಾಡೋಕೆ ಹೋಗ್ಬೇಡಿ. ಪ್ರಥಮ ಭಾಷೆ 125ಕ್ಕೆ, ಉಳಿದ ಐದು ನೂರಕ್ಕೆ. ಭಾಷೇಲಿ 120, ಉಳಿದಿದ್ರಲ್ಲಿ ಒಟ್ಟು 421 ಅಂತಿಟ್ಕೊಳ್ಳಿ, ಸರಾಸರಿ ಹಿಡಿದ್ರೆ 86.17 ಬರತ್ತೆ, ನಿಜವಾದ್ದು 86.56.

ಪ್ರಶ್ನೆ: ನಮ್ಮ ಅಂಗಡಿ ಬಿಲ್ಲಿಗೆ ಪೈಥಾನಲ್ಲಿ ಸಣ್ಣ ಪ್ರೋಗ್ರಾಂ ಬರ್ಕೊಂಡಿದೀನಿ. 18% ಜಿಎಸ್‌ಟಿ ಸೇರಿ 1180 ಆಗಿರೋ ರೇಟಿಂದ 18% ಕಳೆದ್ರೆ 967.60 ಬರ್ತಿದೆ, ಮೂಲ ಬೆಲೆ 1000 ಅಲ್ವಾ?
— ವ್ಯಾಪಾರಿ, ತಿಪಟೂರು

ಉತ್ತರ: ಹೌದು, 1000ನೇ. ತೆರಿಗೆ ಹಾಕಿದ್ದು ಸಾವಿರದ ಮೇಲೆ, ನೀವು ಕಳೀತಿರೋದು 1180ರ ಮೇಲಿನ 18%, ಅಂದ್ರೆ 212.40. ಕಳೆಯೋದು ಬಿಟ್ಟು 1180 * 100 / 118 ಅಂತ ಬರೀರಿ. ಪೈಥಾನ್ 3 ಆದ್ರೆ ಮೇಲಿನ ಪ್ರಶ್ನೆಯ ಸೊನ್ನೆ ಕಾಟ ಇಲ್ಲ, ಒಂದು ಗೀಟಿನ (/) ಭಾಗಾಕಾರ ಅದ್ರಲ್ಲಿ ದಶಮಾಂಶಾನೇ ಕೊಡತ್ತೆ.