ಆ ಸೂಜಿ ಅವರದಲ್ಲ

“ಮಧ್ಯಯುಗದ ಕ್ರೈಸ್ತ ಪಂಡಿತರಿಗೆ ನಾಲ್ಕು ಪುಟ ಯಾಕೆ ಕೊಟ್ಟಿರಿ? ಸೂಜಿಮೊನೆಯ ಮೇಲೆ ಎಷ್ಟು ದೇವದೂತರು ಕುಣಿಯಬಹುದೆಂದು ಜಗಳವಾಡಿದವರಲ್ಲವೇ ಇವರು? ಈ ಒಣತರ್ಕ ನಮಗೆ ಬೇಡ.”
— ಓದುಗರೊಬ್ಬರು, ಶಿವಮೊಗ್ಗ

ಕಾರ್ಡು ಚಿಕ್ಕದು, ಏಟು ಜೋರು. ಆದರೆ ಆ ಸೂಜಿ ಅವರದಲ್ಲ ಸ್ವಾಮಿ. ಹಾಗೆ ಚರ್ಚಿಸಿದ ಮಧ್ಯಯುಗದ ಗ್ರಂಥ ಯಾರಿಗೂ ಸಿಕ್ಕಿಲ್ಲ. ಅದು 17ನೇ ಶತಮಾನದ ಇಂಗ್ಲಿಷ್ ಪ್ರಾಟೆಸ್ಟೆಂಟರ ಬರಹಗಳಲ್ಲಿ ಕಾಣಿಸುವ ಗೇಲಿ. ಒಂದೇ ಜಾಗದಲ್ಲಿ ಹಲವು ದೇವದೂತರು ಏಕಕಾಲಕ್ಕೆ ಇರಬಹುದೇ ಎಂದು 13ನೇ ಶತಮಾನದ ದೇವಶಾಸ್ತ್ರದ ಮೇಷ್ಟ್ರು ಥಾಮಸ್ ಅಕ್ವಿನಾಸ್ ಕೇಳಿದ್ದುಂಟು. ಇರಲಾರರು ಎಂಬುದು ಅವನ ಉತ್ತರ. ದೇಹವಿಲ್ಲದವರು ಒಂದೆಡೆ ‘ಇರುವುದು’ ಎಂದರೆ ಅಲ್ಲಿ ತಮ್ಮ ಶಕ್ತಿ ನಡೆಸುವುದು. ಒಂದೇ ಕಾರ್ಯಕ್ಕೆ ಎರಡು ಪೂರ್ಣ ಕಾರಣಗಳು ಕೂಡವು. ಇದರಲ್ಲಿ ಕುಣಿತ ಎಲ್ಲಿಂದ ಬಂತು?

ಈ ತರ್ಕ ಬರಬರುತ್ತಾ ಒಣಗಿದ್ದು ಸುಳ್ಳಲ್ಲ. ಪೀಟರ್ ಲೊಂಬಾರ್ಡ್‌ನ ‘ವಾಕ್ಯಗಳು’ ಎಂಬ 12ನೇ ಶತಮಾನದ ಪಠ್ಯದ ಮೇಲೆ ಪಾಠ ಹೇಳದೆ ದೇವಶಾಸ್ತ್ರದ ಮೇಷ್ಟ್ರಾಗುವಂತಿರಲಿಲ್ಲ. ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಬೆಳೆದು, 1605ರಲ್ಲಿ ಇಂಗ್ಲಿಷ್ ದಾರ್ಶನಿಕ ಫ್ರಾನ್ಸಿಸ್ ಬೇಕನ್ ಇದನ್ನೆಲ್ಲ ಜೇಡರಬಲೆ ಎಂದ. ಒಪ್ಪಿದೆ.

ಈಗ ಅಕ್ವಿನಾಸನ ದೇವಶಾಸ್ತ್ರದ ಮಹಾಗ್ರಂಥ ‘ಸುಮ್ಮಾ’ ಬಿಡಿಸಿ. ಪ್ರತಿ ಆರ್ಟಿಕಲ್ ಒಂದು ಪ್ರಶ್ನೆ. ಮೊದಲು ಎದುರುಪಕ್ಷದ ವಾದಗಳು, ಸಾಮಾನ್ಯವಾಗಿ ಮೂರು. ಬಳಿಕ ‘ಇದಕ್ಕೆ ವಿರುದ್ಧವಾಗಿ’ ಎಂದು ಒಂದು ಪ್ರಮಾಣವಾಕ್ಯ. ಆಮೇಲಷ್ಟೇ ‘ನನ್ನ ಉತ್ತರ’. ಕೊನೆಗೆ ಮೊದಲಿನ ಒಂದೊಂದು ವಾದಕ್ಕೂ ಬಿಡಿಬಿಡಿಯಾಗಿ ಸಮಾಧಾನ. ನಮ್ಮ ಶಾಸ್ತ್ರಗಳ ಪೂರ್ವಪಕ್ಷ (ಎದುರಾಳಿಯ ವಾದ), ಸಿದ್ಧಾಂತ (ತನ್ನ ತೀರ್ಮಾನ) ಬಲ್ಲವರಿಗೆ ಈ ನಡಿಗೆ ಪರಿಚಿತ, ಆ ಕ್ರೈಸ್ತ ಪಂಡಿತರು ನಮ್ಮವರಿಂದ ಕಲಿತದ್ದಲ್ಲದಿದ್ದರೂ. ಅವಸರದ ಓದುಗರು ಎಡವುವುದು ಮೊದಲ ಸಾಲಿನಲ್ಲೇ: ಪೂರ್ವಪಕ್ಷವನ್ನು ಎತ್ತಿ ‘ಅಕ್ವಿನಾಸ್ ಹೀಗೆಂದ’ ಎಂದು ಬರೆದುಬಿಡುತ್ತಾರೆ. ಹಾಗೆ ಓದಿದರೆ ಅವನು ನಾಸ್ತಿಕ! ‘ದೇವರಿದ್ದಾನೆಯೇ?’ ಎಂಬ ಆರ್ಟಿಕಲ್ ಶುರುವಾಗುವುದೇ ‘ದೇವರಿಲ್ಲವೆಂದು ತೋರುತ್ತದೆ’ ಎಂದು. ಅನಂತ ಒಳ್ಳೆಯತನವಿದ್ದರೆ ಕೆಡುಕಿಗೆ ಜಾಗವಿರಬಾರದು, ಇದೆಯಲ್ಲ? ಪ್ರಕೃತಿ ಮತ್ತು ಮನುಷ್ಯನ ಬುದ್ಧಿ, ಇಚ್ಛೆಗಳಿಂದಲೇ ಎಲ್ಲ ವಿವರಿಸಬಹುದಾದರೆ ದೇವರು ಯಾಕೆ? ಎರಡೇ ವಾದ, ಒಂದೂ ಸುಲಭವಾಗಿ ಕೆಡವಲೆಂದು ಕಟ್ಟಿದ ಹುಲ್ಲುಗೊಂಬೆಯಲ್ಲ.

ಇದು ಬಾಯಿಮಾತಿನಿಂದ ಬಂದ ಶಿಸ್ತು. ಪ್ಯಾರಿಸ್ ವಿಶ್ವವಿದ್ಯಾಲಯದ ವಾದಸಭೆಯಲ್ಲಿ ಮೊದಲ ದಿನ ಆಕ್ಷೇಪಗಳಿಗೆ ಶಿಷ್ಯ ಎದ್ದು ಉತ್ತರಿಸಬೇಕಿತ್ತು. ಮೇಷ್ಟ್ರು ತೀರ್ಮಾನ ಹೇಳುವುದು ಇನ್ನೊಂದು ದಿನ. ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ನಡೆಯುತ್ತಿದ್ದ ಮುಕ್ತಸಭೆಯಲ್ಲಂತೂ ಯಾರು ಏನು ಬೇಕಾದರೂ ಕೇಳಬಹುದಿತ್ತು. ಸತ್ಯ, ಮದ್ಯ, ರಾಜ, ಹೆಣ್ಣು, ಇವುಗಳಲ್ಲಿ ಯಾವುದು ಬಲಿಷ್ಠ ಎಂಬ ಪ್ರಶ್ನೆಗೂ ಅಕ್ವಿನಾಸ್ ನಗದೆ ಉತ್ತರಿಸಿ ಸತ್ಯವನ್ನು ಮೇಲಿಟ್ಟ.

ಅದಕ್ಕೂ ಮುಂಚೆ, 12ನೇ ಶತಮಾನದಲ್ಲಿ, ಫ್ರಾನ್ಸಿನ ಮೇಷ್ಟ್ರು ಅಬೆಲಾರ್ಡ್, ಹಿರಿಯ ಧರ್ಮಗುರುಗಳ ಮಾತುಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುವ 158 ಪ್ರಶ್ನೆಗಳನ್ನು ಜೋಡಿಸಿ, ಬಗೆಹರಿಸದೆ ಹಾಗೇ ಬಿಟ್ಟ. ಮುನ್ನುಡಿಯಲ್ಲಿ ಕೀಲಿಕೈ ಮಾತ್ರ ಕೊಟ್ಟ: ಒಂದೇ ಪದಕ್ಕೆ ಇಬ್ಬರಲ್ಲಿ ಬೇರೆ ಅರ್ಥವಿದೆಯೇ ನೋಡಿ, ನಕಲುಗಾರ ತಪ್ಪಿದನೇ ನೋಡಿ, ಬರೆದವನೇ ಆಮೇಲೆ ಅಭಿಪ್ರಾಯ ಬದಲಿಸಿದನೇ ನೋಡಿ. ಇದೆಲ್ಲ ಬರೀ ಒಣತರ್ಕವಾಗಿದ್ದರೆ 1277ರಲ್ಲಿ ಪ್ಯಾರಿಸ್ಸಿನ ಬಿಷಪ್ಪರು ವಿಶ್ವವಿದ್ಯಾಲಯದಲ್ಲಿ ಚರ್ಚೆಯಾಗುತ್ತಿದ್ದ 219 ಪ್ರತಿಪಾದನೆಗಳನ್ನು ನಿಷೇಧಿಸುವಷ್ಟು ಬೆದರಬೇಕಿತ್ತೇ?

ನಮ್ಮಲ್ಲೀಗ ವಿಚಾರಸಂಕಿರಣವೆಂದರೆ ಮೂರು ಗಂಟೆ ಭಾಷಣ, ಪ್ರಶ್ನೆಗೆ ಊಟದ ಗಂಟೆಗೆ ಮುಂಚಿನ ಐದು ನಿಮಿಷ. ಟಿವಿ ಚರ್ಚೆಯಲ್ಲಿ ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ತಿರುಗಿ ಹೇಳಿದವರನ್ನು ಕಂಡವರುಂಟೇ? ವಿಮರ್ಶೆಗಳೂ ಅಷ್ಟೆ, ಪುಸ್ತಕ ಏನು ಹೇಳಿತೆಂದು ತಿಳಿಯುವ ಮೊದಲೇ ತೀರ್ಪು ಬಂದಿರುತ್ತದೆ.

ನೀವು ಖಾರವಾಗಿ ಬರೆಯಬಲ್ಲವರು. ಮುಂದಿನ ಕಾರ್ಡಿನಲ್ಲಿ ನಮ್ಮ ಲೇಖನದ ವಿರುದ್ಧ ಮೂರು ವಾದ ಕಳಿಸಿ, ಸೂಜಿ ಬಿಟ್ಟು. ಮೂರನ್ನೂ ಮೊದಲು ಅಚ್ಚುಹಾಕಿ, ನಮ್ಮ ಉತ್ತರವನ್ನು ಅವುಗಳ ಕೆಳಗೆ ಹಾಕುತ್ತೇವೆ.
— ಸಂ.