ಕಾಂಟ್ರಾಕ್ಟ್ ಮಧ್ಯದಲ್ಲೇ ಕೆಲಸ ಬಿಡಬಹುದಾ? ದುಬೈಗೆ ಬಂದ ತಮ್ಮನಿಗೆ

ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಎರಡು ವರ್ಷದ ಕಾಂಟ್ರಾಕ್ಟ್, ಎಂಟು ತಿಂಗಳಾಗಿದೆ, ಬೇರೆ ಕಡೆ ಜಾಸ್ತಿ ಸಂಬಳ ಕೊಡುತ್ತಾರೆ, ಬಿಟ್ಟರೆ ವೀಸಾ ಖರ್ಚು ಕಟ್ಟು ಅಂತ ಮ್ಯಾನೇಜರ್ ಹೆದರಿಸುತ್ತಾನೆ, ರಜೆಗೆ ಅಂತ ಊರಿಗೆ ಹೋಗಿ ಹೊಸ ವೀಸಾದಲ್ಲಿ ಬರಲಾ ಅಂತ ಕೇಳಿದ್ದೀಯ ಅಲ್ವಾ?

ಕೊನೆಯದು ಬೇಡವೇ ಬೇಡ. ಹೇಳದೆ ಹೋದರೆ ಅಬ್‌ಸ್ಕಾಂಡಿಂಗ್, ಅಂದರೆ ಕೆಲಸ ಬಿಟ್ಟು ಓಡಿಹೋದ ಅಂತ ದೂರು ಬೀಳುತ್ತದೆ, ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ.

ನಾನು ಬಂದದ್ದು 2009ರಲ್ಲಿ, ಕುಂದಾಪುರದ ಕಡೆಯಿಂದ. ಸಂಬಳ 1,800 ದಿರ್ಹಮ್. ಹಂಚಿನ ಮನೆಗೆ ಸ್ಲ್ಯಾಬ್ ಹಾಕಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಕಾಂಟ್ರಾಕ್ಟ್ ಮುಗಿಯಲು ಐದೇ ತಿಂಗಳಿತ್ತು, ಒಂದು ದಿನ ಫೋರ್‌ಮನ್ ಎಲ್ಲರೆದುರು ಏನೋ ಅಂದ, ನಾನು ಸಂಜೆಯೇ ರಾಜೀನಾಮೆ ಬರೆದುಕೊಟ್ಟೆ. ರೂಮಿನಲ್ಲಿದ್ದ ಬೈಂದೂರಿನ ಅಣ್ಣ ಎಷ್ಟು ಹೇಳಿದರೂ ಕೇಳಲಿಲ್ಲ. ಆಗ ಇಲ್ಲಿ ಇದ್ದದ್ದು 1980ರ ಕಾರ್ಮಿಕ ಕಾನೂನು. ಲಿಮಿಟೆಡ್, ಅಂದರೆ ಇಷ್ಟೇ ವರ್ಷ ಅಂತ ಗೊತ್ತುಮಾಡಿದ ಕಾಂಟ್ರಾಕ್ಟನ್ನು ಮಧ್ಯದಲ್ಲಿ ಮುರಿದದ್ದಕ್ಕೆ 45 ದಿನದ ಸಂಬಳ, ಅಂದರೆ 2,700 ದಿರ್ಹಮ್ ಹಿಡಿದುಕೊಂಡರು. ಐದು ವರ್ಷ ಆಗಿರಲಿಲ್ಲ, ಹಾಗಾಗಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ದುಡ್ಡೂ ಇಲ್ಲ. ಮೇಲೆ ಒಂದು ವರ್ಷ ಇಲ್ಲಿ ಕೆಲಸಕ್ಕೆ ಬ್ಯಾನ್. ಆ ವರ್ಷ ಪೂರ್ತಿ ಮಾವನ ಅಂಗಡಿಯಲ್ಲಿ ಸಕ್ಕರೆ ತೂಗಿದೆ. ಮಳೆಗಾಲದಲ್ಲಿ ಸೋರುವ ಜಾಗಕ್ಕೆ ಅಮ್ಮ ಸುಮ್ನೆ ಪಾತ್ರೆ ಇಡುತ್ತಿದ್ದಳು, ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ಅಷ್ಟು ಕಷ್ಟವಿಲ್ಲ. 2022ರ ಫೆಬ್ರವರಿ 2ರಿಂದ ಹೊಸ ಕಾನೂನು ಬಂದಿದೆ, ಆ 45 ದಿನದ ಕಡಿತ ಹೋಯಿತು. ಕಾಂಟ್ರಾಕ್ಟಿನಲ್ಲಿ ಎಷ್ಟು ದಿನದ ನೋಟಿಸ್ ಅಂತ ಇದೆಯೋ (30ರಿಂದ 90ರ ಒಳಗೆ ಇರುತ್ತದೆ) ಅಷ್ಟು ದಿನ ಬರವಣಿಗೆಯಲ್ಲಿ ಕೊಟ್ಟು, ಕೊನೇ ದಿನದವರೆಗೂ ಕೆಲಸಕ್ಕೆ ಹೋಗು. ನೋಟಿಸ್ ಮಾಡದೆ ಬಿಟ್ಟರೆ ಆ ದಿನಗಳ ಸಂಬಳ ನೀನೇ ಕಟ್ಟಬೇಕು. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವ ಹಾಗಿಲ್ಲ, ನಿನ್ನದು ದಾಟಿದೆ. ವೀಸಾ, ಕರೆಸಿಕೊಂಡ ಖರ್ಚು ಕಂಪನಿಯದ್ದೇ, ನಿನ್ನಿಂದ ವಸೂಲಿ ಮಾಡುವಂತಿಲ್ಲ. ಮ್ಯಾನೇಜರ್ ಮತ್ತೆ ಕೇಳಿದರೆ ಬರೆದುಕೊಡಿ ಸರ್ ಅನ್ನು, ಬರೆದು ಕೊಡುವುದಿಲ್ಲ. ನಿನ್ನ ಆಫೀಸು ಡಿಐಎಫ್‌ಸಿ (ದುಬೈನ ಹಣಕಾಸು ಕಂಪನಿಗಳ ಪ್ರತ್ಯೇಕ ವಲಯ) ಒಳಗಿದ್ದರೆ ಮಾತ್ರ ಅಲ್ಲಿನ ನಿಯಮವೇ ಬೇರೆ.

ಈಗಿನ ಕೆಲಸದ ಆಫರ್ ಲೆಟರ್ ಮತ್ತೊಮ್ಮೆ ನಿಧಾನವಾಗಿ ಓದು. ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ. ಕನ್ನಡದಲ್ಲಿ ಮಾತ್ರ ಇಲ್ಲ, ಇಷ್ಟು ಜನ ಇದ್ದೂ!

ಆದರೂ ಒಂದು ಲೆಕ್ಕ ಹಾಕು. ಒಂದು ವರ್ಷ ತುಂಬಿದರೆ 21 ದಿನದ ಬೇಸಿಕ್ ಸಂಬಳದಷ್ಟು ಗ್ರಾಚ್ಯುಟಿ ಸಿಗುತ್ತದೆ. ಈಗ ಬಿಟ್ಟರೆ ಸೊನ್ನೆ. ಹೊಸ ಕಂಪನಿಯವರು ನಾಲ್ಕು ತಿಂಗಳು ಕಾಯುತ್ತಾರಾ ಅಂತ ಬಾಯಿಬಿಟ್ಟು ಕೇಳು. ಕಾಯುವುದಿಲ್ಲ ಅಂದರೆ ಅವರ ಆಫರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡ.

ಮನೆಯಲ್ಲಿ ಅಮ್ಮನಿಗೆ ಈಗಲೇ ಹೇಳಬೇಡ. ಹೊಸ ಕಡೆ ಮೊದಲ ಸಂಬಳ ಬಂದ ಮೇಲೆ ಫೋನ್ ಮಾಡು.