ಆಳದ ಗಡ್ಡೆ: ಮೆದುಳನ್ನು ಕೊಯ್ಯದೆ ತಲುಪಬಹುದೇ?

ಪ್ರಶ್ನೆ: ನನ್ನ ಅಕ್ಕನಿಗೆ ಮೆದುಳಿನ ನಡುವೆ, ಪೀನಿಯಲ್ ಗ್ರಂಥಿಯ ಬಳಿ ಗಡ್ಡೆಯಿದೆ, ಮೆದುಳಿನಲ್ಲಿ ನೀರೂ ತುಂಬಿಕೊಂಡಿದೆ. ಎಂಡೋಸ್ಕೋಪ್‌ನಿಂದ ನೀರಿಗೆ ದಾರಿ ಮಾಡಿ ಗಡ್ಡೆಯ ಚೂರನ್ನು ಪರೀಕ್ಷಿಸೋಣವೆಂದು ಒಬ್ಬ ವೈದ್ಯರು ಹೇಳಿದರೆ, ಇನ್ನೊಬ್ಬರು ತಲೆಬುರುಡೆ ತೆರೆದು ಗಡ್ಡೆಯನ್ನೇ ತೆಗೆಯಬೇಕೆನ್ನುತ್ತಾರೆ. ಮೆದುಳನ್ನು ಕೊಯ್ಯದೆ ಅಷ್ಟು ಆಳಕ್ಕೆ ಹೋಗಲು ಸಾಧ್ಯವೇ? ಯಾರ ಮಾತು ಸರಿ?

ಉತ್ತರ: ಸಾಧ್ಯವಿದೆ. ಕಿರುಮೆದುಳಿನ ಮೇಲ್ಮೈಗೂ ಅದರ ಮೇಲೆ ಚಪ್ಪರದಂತೆ ಹರಡಿರುವ ಟೆಂಟೋರಿಯಂ ಎಂಬ ಗಟ್ಟಿ ಪೊರೆಗೂ ನಡುವೆ ಒಂದು ಸಹಜವಾದ ಸಂದಿಯಿದೆ. ಜರ್ಮನಿಯ ಶಸ್ತ್ರಚಿಕಿತ್ಸಕ ಫೆಡೋರ್ ಕ್ರೌಸೆ 1913ರಲ್ಲಿ ಈ ಸಂದಿಯ ಮೂಲಕವೇ ಪೀನಿಯಲ್ ಭಾಗದ ಗಡ್ಡೆಯನ್ನು ತೆಗೆದರು. 1971ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ಬೆನೆಟ್ ಸ್ಟೈನ್ ಸೂಕ್ಷ್ಮದರ್ಶಕದ ನೆರವಿನಿಂದ ಅದೇ ದಾರಿಗೆ ಮರುಜೀವ ಕೊಟ್ಟರು. ರೋಗಿಯನ್ನು ಕೂರಿಸಿದಾಗ ಕಿರುಮೆದುಳು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಜಾಗ ಬಿಡುತ್ತದೆ. ಆದರೆ ಆ ಭಂಗಿಯಲ್ಲಿ ತೆರೆದ ಅಭಿಧಮನಿಗಳೊಳಗೆ ಗಾಳಿ ಸೇರುವ ಅಪಾಯವಿರುವುದರಿಂದ ಅರಿವಳಿಕೆ ತಜ್ಞರು ಉದ್ದಕ್ಕೂ ಕಾವಲಿರಬೇಕಾಗುತ್ತದೆ.

ಇಲ್ಲಿ ಶಸ್ತ್ರಚಿಕಿತ್ಸಕರನ್ನು ಹೆಚ್ಚು ಕಾಡುವುದು ಆಳವಲ್ಲ, ರಕ್ತನಾಳಗಳು. ಮೆದುಳಿನ ಒಳಭಾಗದ ರಕ್ತವನ್ನು ಹೊರತರುವ ದೊಡ್ಡ ಅಭಿಧಮನಿಗಳು ಸಾಮಾನ್ಯವಾಗಿ ಗಡ್ಡೆಯ ಮೇಲೆ ಹಾದುಹೋಗುತ್ತವೆ. ಅವುಗಳಿಗೆ ಪೆಟ್ಟಾದರೆ ಪ್ರಾಣಕ್ಕೇ ಅಪಾಯ. ಕಿರುಮೆದುಳಿನ ಮೇಲಿನ ಆ ಸಂದಿಯಲ್ಲಿ, ಅಂದರೆ ಕೆಳಗಿನಿಂದ ಹೋದವರಿಗೆ ಮೊದಲು ಗಡ್ಡೆ ಸಿಗುತ್ತದೆ, ಅನಂತರ ನಾಳಗಳು. ಗಡ್ಡೆ ಟೆಂಟೋರಿಯಂನಿಂದ ಮೇಲಕ್ಕೆ ಅಥವಾ ಪಕ್ಕಕ್ಕೆ ಚಾಚಿದ್ದರೆ ಮೆದುಳಿನ ಹಿಂಭಾಗವನ್ನು ಮೆಲ್ಲಗೆ ಸರಿಸಿ, ಟೆಂಟೋರಿಯಂ ಸೀಳಿ ಹೋಗುವುದುಂಟು. ಆಗ ದೃಷ್ಟಿಕ್ಷೇತ್ರದ ಒಂದು ಪಾರ್ಶ್ವಕ್ಕೆ ಕುಂದು ಬರಬಹುದು.

ಇನ್ನು ನಿಮ್ಮ ಇಬ್ಬರು ವೈದ್ಯರ ಮಾತು. ಅವು ಒಂದಕ್ಕೊಂದು ವಿರುದ್ಧವೆಂದು ನನಗೆ ಅನ್ನಿಸುವುದಿಲ್ಲ. ಒಂದು ಮೊದಲ ಹೆಜ್ಜೆ, ಇನ್ನೊಂದು ಬೇಕಾದರೆ ಇಡುವ ಎರಡನೆಯದು. ಈ ಜಾಗದ ಗಡ್ಡೆಗಳಲ್ಲಿ ಜರ್ಮಿನೋಮಾ ಎಂಬುದು ವಿಕಿರಣಕ್ಕೆ ಎಷ್ಟು ಚೆನ್ನಾಗಿ ಕರಗುತ್ತದೆಂದರೆ, ಅದನ್ನು ಕತ್ತರಿಸಿ ತೆಗೆಯುವ ಅಗತ್ಯವೇ ಸಾಮಾನ್ಯವಾಗಿ ಬೀಳುವುದಿಲ್ಲ. ಟೆರಟೋಮಾ ಎಂಬ ಇನ್ನೊಂದು ಬಗೆ ಹಾಗಲ್ಲ, ಅದನ್ನು ತೆಗೆಯಲೇಬೇಕು. ಆದ್ದರಿಂದ ಗಡ್ಡೆ ಯಾವ ಜಾತಿಯದೆಂದು ಮೊದಲು ತಿಳಿಯುವುದೇ ವಿವೇಕವೆಂಬುದು ನನ್ನ ಅಭಿಪ್ರಾಯ. ಚಿಕ್ಕ ಚೂರು ಮಿಶ್ರ ಗಡ್ಡೆಯ ಪೂರ್ತಿ ಸ್ವರೂಪವನ್ನು ತೋರಿಸದಿರಬಹುದೆಂಬ ಮಿತಿಯಂತೂ ಇದ್ದೇ ಇದೆ.

ರಕ್ತದಲ್ಲಿಯೂ ಮೆದುಳು ದ್ರವದಲ್ಲಿಯೂ ಗಡ್ಡೆಯ ಜಾತಿಯ ಸುಳಿವು ಕೊಡಬಲ್ಲ ಎಎಫ್‌ಪಿ, ಎಚ್‌ಸಿಜಿ ಎಂಬ ವಸ್ತುಗಳ ಪರೀಕ್ಷೆಯಾಗಿದೆಯೇ, ಅಭಿಧಮನಿಗಳು ಗಡ್ಡೆಯ ಯಾವ ಬದಿಗಿವೆ ಎಂದು ಇಬ್ಬರನ್ನೂ ಕೇಳಿ. ಇದರ ನಡುವೆ ಅಕ್ಕನಿಗೆ ತಲೆನೋವು ಹೆಚ್ಚಿ ವಾಂತಿಯಾದರೆ, ಅಥವಾ ಎಬ್ಬಿಸಿದರೂ ಏಳದಂಥ ಮಂಪರು ಕವಿದರೆ, ಅದು ನೀರಿನ ಒತ್ತಡದ ಸೂಚನೆಯಾಗಿರಬಹುದು. ಮುಂದಿನ ಭೇಟಿಯ ದಿನಕ್ಕೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.